ನೋವಿಲ್ಲದ ಮಂಡಿ

“ನೋವೇ ಇರಲಿಲ್ಲವಲ್ಲ, ಮತ್ತೆ ಈ ಕಾಲು ಯಾಕೆ ಕೈಕೊಟ್ಟಿತು?”

ಹೊಲಿಗೆಯಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಮಂಚಕ್ಕೂ ಕುರ್ಚಿಗೂ ನಡುವೆ ನೆಲಕ್ಕೆ ಬಿದ್ದಿದ್ದಳು. ತೊಡೆಯ ಮೇಲೆ ಅಡ್ಡಲಾಗಿ ಗಂಡ. ಲಕ್ವ ಹೊಡೆದು ಅವನ ಎಡಭಾಗ ಮರಗಟ್ಟಿ ವರ್ಷವಾಗಿತ್ತು. ಈಗ ಬಲಗೈಯ ಮಣಿಕಟ್ಟೂ ಊದಿಕೊಳ್ಳುತ್ತಿತ್ತು.

“ಬ್ರೇಕ್ ಫೇಲ್,” ಎಂದ ಅವನು. ಬಸ್ಸು ಓಡಿಸಿದವನು. ಬಾಯಿ ಸೊಟ್ಟಗಾದರೂ ಮಾತಿನ ಮೊನೆ ಹೋಗಿರಲಿಲ್ಲ.

ಕಾಲಲ್ಲಿ ತುಳಿಯುವ ಮಿಷನ್ನಿನ ಮುಂದೆ ಆಯುಸ್ಸು ಕಳೆದು ಅವಳ ಮಂಡಿಗಳು ಸವೆದಿದ್ದವು. ಗುಳಿಗೆ ಹೊಟ್ಟೆಗೆ ಒಗ್ಗದೆ ಡಾಕ್ಟರು ಅವಳನ್ನು ಆಸ್ಪತ್ರೆಯ ಹಿಂದಿನ ಕೋಣೆಗೆ ಕಳಿಸಿದ್ದರು. ಅಲ್ಲಿ ವಯಸ್ಸಾದವರೆಲ್ಲ ಸುತ್ತಲೂ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು, ಆಮೇಲೆ ಎದ್ದು ನೀರೊಳಗೆ ನಡೆದಂತೆ ಮೆಲ್ಲಗೆ ಕೈಕಾಲು ಆಡಿಸುತ್ತಿದ್ದರು.

“ನೋವನ್ನ ಅಟ್ಟೋಕೆ ಹೋಗ್ಬೇಡಿ. ಮನೆಗೆ ಬಂದವರ ಹಾಗೆ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಉದ್ದಕ್ಕೆ ಉಸಿರು ಬಿಡಿ,” ಎನ್ನುತ್ತಿದ್ದಳು ಕಲಿಸುವ ಮೇಡಂ.

ಹೊಲಿಗೆಯಮ್ಮನಿಗೆ ಅದು ಬೇಗ ಹಿಡಿಸಿತು. ಅಪ್ಪ ಬೆಳಗಿನ ಹೊತ್ತು ರಾಗವಾಗಿ ಓದುತ್ತಿದ್ದ ಪದ್ಯಗಳು ಅವಳ ನಾಲಿಗೆಯಲ್ಲೇ ಇದ್ದವು. ಉಸಿರು ಬಿಡುವಾಗ ಮನಸ್ಸಿನಲ್ಲೇ ಒಂದು ಸಾಲು ಹೇಳಿಕೊಂಡಳು. ಸಾಲು ಮುಗಿಯುವಷ್ಟರಲ್ಲಿ ನೋವು ಯಾರದೋ ಮನೆಯ ಗಲಾಟೆಯಂತೆ ದೂರವಾಗುತ್ತಿತ್ತು. ಬಹಳ ದಿನಗಳ ಮೇಲೆ ಕಣ್ಣಿಗೆ ನಿದ್ದೆ ಹತ್ತಿತು.

“ನೋವು ಇಳಿಯುತ್ತೆ ಅಮ್ಮ, ಸವೆದದ್ದು ಬೆಳೆಯಲ್ಲ. ಭಾರ ಎತ್ತಬೇಡಿ,” ಎಂದೂ ಮೇಡಂ ಹೇಳಿದ್ದಳು. ಹೊಲಿಗೆಯಮ್ಮನ ಕಿವಿಗಿಳಿದದ್ದು ಮೊದಲ ಮಾತು ಮಾತ್ರ. ಗಂಡನನ್ನು ಎತ್ತಿ ಕೂರಿಸಲು ಬರುತ್ತಿದ್ದ ಆಯಾಳನ್ನು ಬಿಡಿಸಿ, ಪದ್ಯ ಹಿಡಿದು ತಾನೇ ಎತ್ತತೊಡಗಿದಳು. ಮಂಡಿ ಚೀರಿದಾಗೆಲ್ಲ ಇನ್ನೊಂದು ಸಾಲು. ದೇವರ ಹೆಸರಿರುವ ಸಾಲು ಬಂದರೆ ಇನ್ನೂ ಸಲೀಸು.

ಈಗ ಇಬ್ಬರೂ ಬಿದ್ದ ಸದ್ದಿಗೆ ಮಗಳು ಓಡಿಬಂದಳು. ಪಕ್ಕದ ಮನೆಯವರನ್ನು ಕರೆದು ಇಬ್ಬರನ್ನೂ ಎತ್ತಿಸಿ, ಅಪ್ಪನನ್ನು ಮಂಚಕ್ಕೆ ಸೇರಿಸಿದಳು.

“ಇಂಥವರನ್ನ ನೋಡ್ಕೊಳ್ಳೋ ಜಾಗ ಇದೆ. ನಾಳೆನೇ ಅಪ್ಪನ್ನ ಅಲ್ಲಿ ಬಿಡ್ತೀನಿ.”

“ನಾನು ಸತ್ತ ಮೇಲೆ ಬಿಡು.”

“ಈ ಜೋರಿಗೇನೂ ಕಡಿಮೆಯಿಲ್ಲ! ಇನ್ನೊಂದು ಸಲ ಬಿದ್ರೆ ಇಬ್ಬರನ್ನೂ ಒಟ್ಟಿಗೇ ಹೊರಬೇಕಾಗುತ್ತೆ. ಆಯಾನ ಕರೆಯೋಣ ಅಂದ್ರೆ ಅವಳಾಗಲೇ ಬೇರೆ ಮನೆ ಹಿಡಿದಾಯ್ತು.”

“ಈಗಲೇ ಎತ್ತಿ ತೋರಿಸಿದ್ರೆ?”

ಮಗಳು ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಹೊಲಿಗೆಯಮ್ಮ ಗೋಡೆ ಹಿಡಿದು ಎದ್ದು ಮಂಚದ ಹತ್ತಿರ ಬಂದಳು. ಊದಿದ ಮಂಡಿ ಬಟ್ಟೆಯೊಳಗೆ ನಡುಗುತ್ತಿತ್ತು. ತುಟಿ ಆಗಲೇ ಪದ್ಯ ಹಿಡಿದಿತ್ತು. ಮುಖದಲ್ಲಿ ನೋವಿನ ಸುಳಿವೇ ಇಲ್ಲ. ಅದನ್ನು ನೋಡಿಯೇ ಗಂಡನಿಗೆ ಎದೆ ಝಲ್ಲೆಂದಿತು.

“ಬನ್ನಿ ರೀ. ನಂಗೇನೂ ನೋಯ್ತಿಲ್ಲ. ಒಂದು ಸಲ ಎದ್ದುಬಿಡಿ, ಅವಳು ನೋಡ್ಲಿ.”

ಅವನು ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

“ಏಳಲ್ಲ.”

“ನನಗೋಸ್ಕರ, ರೀ.”

“ಏಳಲ್ಲ ಕಣೇ,” ಎಂದು ಮುಖ ಆಚೆ ತಿರುಗಿಸಿದ.