ಬೋರೆದೇವರ ಮರಳು

ಮೈದುನ ಕೆಂಪಣ್ಣ ಕುಂಕುಮದ ಬಟ್ಟಲು ಹಿಡಿದು, ಹಲ್ಲು ಕಿರಿದುಕೊಂಡು, ಹೊಸ ಮನೆಯ ಮನೆಒಕ್ಕಲಿಗೆ ಮೊದಲು ಅತ್ಗೇನೇ ಬರಬೇಕು ಅಂತ ಬಾಗಿಲಲ್ಲಿ ನಿಂತನಲ್ಲ, ಚಿಕ್ಕಬೋರಮ್ಮನಿಗೆ ಅಂಗಾಲಿಂದ ನೆತ್ತಿಯವರೆಗೆ ಉರಿದುಹೋಯಿತು. ಎಂಥಾ ಮುಖ ಇರಬೇಕು ನೋಡಿ ಮನುಷ್ಯನಿಗೆ! ಮಾಡೋದೆಲ್ಲ ಮಾಡಿ, ಅದೇ ಕೈಯಲ್ಲಿ ಕುಂಕುಮ ಕೊಡ್ತಾನೆ. ಅವಳು ಕುಂಕುಮ ಇಟ್ಟುಕೊಂಡಳು. ಬರ್ತೀನಿ ಅಂದಳು.

ಸಂಗತಿ ಏನಪ್ಪಾ ಅಂದರೆ, ಹೇಮಾವತಿ ಹೊಳೆಯ ಈ ದಡದಲ್ಲಿ ಬೋರೆಕೊಪ್ಪಲು, ಆ ದಡದಲ್ಲಿ ಹೊಂಗೆಕೊಪ್ಪಲು. ನಡುವೆ ಬೆಳ್ಳಗಿನ ಮರಳದಿಣ್ಣೆ, ದಡದುದ್ದಕ್ಕೂ ಹೊಂಗೆ ಮರ, ಮಡುವಿನಲ್ಲಿ ನೀರುನಾಯಿಗಳ ಆಟ. ಭಾನುವಾರ ಬಂದರೆ ಮೈಸೂರಿನವರು ಬುತ್ತಿ ಕಟ್ಟಿಕೊಂಡು ಬಂದು ಬಾಯಿಬಿಟ್ಟು ನೋಡುತ್ತಿದ್ದರು. ಊರವರಿಗೆ ಅಂದ ಗಿಂದ ಎಲ್ಲ ಆಮೇಲೆ, ಮೊದಲು ಒರತೆ. ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗ ದಿಣ್ಣೆಯಲ್ಲಿ ಮೊಣಕೈ ಆಳ ತೋಡಿದರೆ ಸಾಕು, ಎಳನೀರಿನಂಥ ನೀರು ಜಿನುಗುತ್ತಿತ್ತು. ಬೋರ್‌ವೆಲ್ ನೀರು ಬಾಯಿಗಿಟ್ಟರೆ ಉಪ್ಪು. ಎರಡೂ ಕೊಪ್ಪಲಿಗೆ ಕುಡಿಯೋಕೆ ಆ ಒರತೆಯೇ ಗತಿ.

ತೊಂಬತ್ತನೇ ಇಸವಿಯ ಈಚೆಗೆ ಮರಳು ಲಾರಿಗಳ ಕಾಟ ಶುರುವಾಯಿತು. ಅರ್ಜಿ ಹಿಡಿದು ಆಫೀಸಿಗೆ ಅಲೆದು ಚಪ್ಪಲಿ ಸವೆದಿದ್ದೊಂದೇ ಬಂತು. ಮೀನು ಹಿಡಿಯೋ ಜಗಳದಲ್ಲಿ ಎರಡು ಊರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಚಿಕ್ಕಬೋರಮ್ಮ ಸೀರೆ ಎತ್ತಿಕಟ್ಟಿ ಹೊಳೆ ದಾಟಿ, ಆಚೆ ದಡದ ಯಜಮಾನ ಮಂಚಯ್ಯನ ಜಗಲಿ ಮೇಲೆ ಹೋಗಿ ಕೂತಳು. ಕೊನೆಗೆ ಎರಡೂ ಊರು ಹೊಳೆನೀರು ಮುಟ್ಟಿ ಆಣೆ ಮಾಡಿದವು. ಆ ದಡ ಒಪ್ಪದೆ ಈ ದಡದವರು ಒಂದು ಮಂಕರಿ ಮರಳೂ ಎತ್ತೋಹಾಗಿಲ್ಲ, ಈ ದಡ ಒಪ್ಪದೆ ಅವರೂ ಅಷ್ಟೆ. ಗಾಡಿ ಇಳಿಯೋ ದಾರಿಗೆ ಅಡ್ಡಲಾಗಿ ಕಂದಕ ತೆಗೆದರು. ಮನೆಗೊಂದಾಳು ಸರದಿ ಮೇಲೆ ಕಾದರು. ಹೆಂಗಸರು ಲಾರಿಗೆ ಅಡ್ಡ ಮಲಗಿದ್ದೂ ಉಂಟು. ಲಾರಿಯವರು ಆ ಕಡೆ ತಲೆ ಹಾಕೋದನ್ನೇ ಬಿಟ್ಟರು.

ಆಗ ಬಂದ ನೋಡಿ ಕೆಂಪಣ್ಣ. ಕೆ.ಆರ್.ಪೇಟೆಯಲ್ಲಿ ಕಂಟ್ರಾಕ್ಟರ್ ಆಗಿ ಚೆನ್ನಾಗಿ ಕುದುರಿಕೊಂಡವನು. ಬೀಳೋ ಹಾಗಿದ್ದ ಬೋರೆದೇವರ ಗುಡಿಯನ್ನು ತಾನೇ ಕಟ್ಟಿಸಿಕೊಡ್ತೀನಿ, ಮರಳು ಒಂದು ಮಾತ್ರ ಊರವರು ಕೊಡಲಿ ಅಂದ. ದೇವರ ಕೆಲಸ ಅಂದಮೇಲೆ ನಮ್ಮ ಕಡೆ ಇಲ್ಲ ಅನ್ನೋರು ಯಾರು? ದೇವರಿಗೆ ರಾಗಿ ಕೊಡುವಾಗಲೂ ಅಳೆಯದೆ ಸುರಿಯೋ ಜನ. ಎಷ್ಟು ಬೇಕು ಅಂತ ಕೇಳಿದರೇ ಪಾಪ. ಮಂಚಯ್ಯ ಒಬ್ಬ ಮಾತ್ರ ಗಡ್ಡ ಕೆರೆದುಕೊಂಡು, ಅಷ್ಟು ಚಿಕ್ಕ ಗುಡಿಗೆ ಎಷ್ಟು ಬೇಕಾದೀತು, ಒಂದು ಮಾತು ಕೇಳೋಣವಾ ಅಂದ.

"ನಮ್ಮನೆ ಹುಡ್ಗ ಕಣಣ್ಣ, ನಾನಿಲ್ವಾ?" ಅಂತ ಚಿಕ್ಕಬೋರಮ್ಮ ಅವನ ಬಾಯಿ ಮುಚ್ಚಿಸಿದಳು.

ಲಾರಿಗಳನ್ನು ತಡೆದಿದ್ದ ಕಂದಕವನ್ನು ಊರವರೇ ಮುಚ್ಚಿ ದಾರಿ ಮಾಡಿಕೊಟ್ಟರು. ಮೊದಲ ಟ್ರಾಕ್ಟರಿಗೆ ಚಿಕ್ಕಬೋರಮ್ಮನೇ ಅರಿಸಿನದ ಬಟ್ಟೆ ಕಟ್ಟಿ ಕಾಯಿ ಒಡೆದಳು. ಎರಡೂ ದಡದ ಹೆಂಗಸರು ತಲೆಗೆ ಸ್ನಾನ ಮಾಡಿ, ಹರಕೆ ಅಂತ, ಕೂಲಿ ಇಲ್ಲದೆ ಮಂಕರಿ ಹೊತ್ತರು. ಸುಗ್ಗಿ ಮುಗಿಯೋವರೆಗೂ ಹೊತ್ತರು. ಅಯ್ಯೋ, ಕತ್ತು ಇಳಿದುಹೋಗೋ ಹಾಗೆ ಹೊತ್ತರು!

ಗುಡಿ ಮುಂದೆ ಬಿದ್ದದ್ದು ಎರಡು ಗುಡ್ಡೆ. ಉಳಿದದ್ದನ್ನು ಪೇಟೆಯಲ್ಲಿ ಜರಡಿ ಹಿಡಿಸಿ ತರ್ತೀನಿ ಅಂತಿದ್ದ ಕೆಂಪಣ್ಣ. ಶಿವರಾತ್ರಿ ಕಳೆದ ಮೇಲೆ ಹಸುವಿನ ಔಷಧಿಗೆ ಪೇಟೆಗೆ ಹೋಗಿದ್ದ ಚಿಕ್ಕಬೋರಮ್ಮ ಅವನ ಹೊಸ ಮನೆ ನೋಡಿದಳು. ಎರಡು ಅಂತಸ್ತು, ಸುತ್ತ ಕಾಂಪೌಂಡು. ಮಗ್ಗುಲಲ್ಲಿ ಮರಳಗುಡ್ಡೆ, ಅದರಲ್ಲಿ ಅರ್ಧ ಹೂತಿದ್ದ ಅರಿಸಿನದ ಬಟ್ಟೆ. ಅದರ ಗಂಟು ಅವಳೇ ಹಾಕಿದ್ದು. ಕೇಳಿದರೆ ಕೆಂಪಣ್ಣ ನಕ್ಕ. ಮಳೆಗಾಲದಲ್ಲಿ ಹೊಳೆಯೇ ತಿರುಗ ತಂದು ಹಾಕುತ್ತೆ, ಬೋರೆದೇವರು ಎಲ್ಲಿಗೂ ಎದ್ದು ಹೋಗಲ್ಲ, ಯಾಕೆ ಸುಮ್ಮನೆ ಬಾಯಿ ಮಾಡ್ತೀರಿ ಅಂದ.

ಆ ಬೇಸಿಗೆ ದಿಣ್ಣೆ ಇದ್ದ ಕಡೆ ಗುಂಡಿ. ತೋಳುದ್ದ ತೋಡಿದರೂ ಕೆಸರೇ ಬಂತು. ಅದನ್ನೇ ಸೋಸಿ ಕುಡಿದು ಎರಡೂ ಊರಲ್ಲಿ ಮಕ್ಕಳಿಗೆ ಭೇದಿ ಹತ್ತಿಕೊಂಡಿತು. ಮಂಚಯ್ಯ ಬೈದಿದ್ದರೆ ಚಿಕ್ಕಬೋರಮ್ಮ ತಡ್ಕೋಬಹುದಿತ್ತು. ಅವನು ಅವಳ ಬಿಂದಿಗೆಗೂ ತಾನೇ ಕೆಸರು ಸೋಸಿ ತುಂಬಿಸಿಕೊಟ್ಟ.

ಇಷ್ಟೆಲ್ಲ ಆದಮೇಲೆ ಕುಂಕುಮ! ಕೆಂಪಣ್ಣ ಎರಡೂ ಕೊಪ್ಪಲಿಗೂ ಮನೆಮನೆ ಕರೆದುಹೋಗಿದ್ದ. ಹೋಗಬಾರದು ಅಂತ ಊರೆಲ್ಲ ಅಂದಾಗ, ಎಲ್ಲರೂ ಬನ್ನಿ, ಎಲೆ ಮುಂದೆ ಕೂತ್ಕೊಳ್ಳಿ, ಆದರೆ ನಾನು ನೀರು ಬಡಿಸೋವರೆಗೂ ತುತ್ತು ಎತ್ತಬೇಡಿ ಅಂದಳು ಚಿಕ್ಕಬೋರಮ್ಮ.

ಮನೆಒಕ್ಕಲಿನ ದಿನ ಶಾಮಿಯಾನದ ಕೆಳಗೆ ಮೊದಲ ಸಾಲಲ್ಲಿ ಪೇಟೆಯ ದೊಡ್ಡ ಮನುಷ್ಯರು, ಹಿಂದೆ ಎರಡೂ ಕೊಪ್ಪಲಿನವರು. ಎಲೆಗೆ ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು. ಹಿರೀ ಸೊಸೆ ನೀರು ಬಡಿಸೋಕೆ ನಿಂತರೆ ಬೇಡ ಅನ್ನೋರು ಯಾರು? ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದ ಬಿಂದಿಗೆಯಿಂದ ಅವಳು ದೊಡ್ಡ ಮನುಷ್ಯರ ಲೋಟಕ್ಕೆಲ್ಲ ಬಗ್ಗಿ ಬಗ್ಗಿ ಬಿಟ್ಟಳು. ಗೋಡುಮಣ್ಣು ಕದಡಿದ ಒರತೆ ನೀರು, ಮೇಲೆ ಒಂದೆರಡು ಹುಳ. ಕಾಲರ್ ಅಂಗಿಯವನೊಬ್ಬ ಲೋಟ ದೂಡಿದ. ಕೆಂಪಣ್ಣ ಪಾಯಸದ ಸೌಟು ಹಿಡಿದುಕೊಂಡೇ ಓಡಿಬಂದು, ಅತ್ಗೆ, ಮರ್ವಾದೆ ಕಳೀಬೇಡಿ ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಯಾವ ಮರ್ವಾದೆಲಾ?" ಅಂದಳು ಚಿಕ್ಕಬೋರಮ್ಮ, ಶಾಮಿಯಾನಕ್ಕೆಲ್ಲ ಕೇಳೋ ಹಾಗೆ. "ನಮ್ ಒರತೆ ನಿನ್ ಗೋಡೇಲೈತೆ. ದೇವ್ರು ಅಂತ ಹೇಳಿ ನನ್ ಕೈಯಲ್ಲೇ ಹೊರಿಸ್ದೆ. ಉಳ್ದಿರೋದು ಇದು. ನಮ್ ಮಕ್ಳು ಕುಡಿಯೋದು ಇದ್ನೇ. ನಿನ್ ನೆಂಟ್ರೂ ಒಂದ್ ಗುಟುಕು ಕುಡೀಲಿ."

ಆಗ ಹಿಂದಿನ ಸಾಲಲ್ಲಿ ಮಂಚಯ್ಯ ಮುಟ್ಟದ ಎಲೆಯನ್ನು ಮಡಚಿ ಎದ್ದ. ಮನೆಒಕ್ಕಲಿನ ದಿನ ಬಡಿಸಿದ ಎಲೆ ಬಿಟ್ಟು ಏಳೋದು ಅಂದರೆ ಆ ಮನೆ ಬಾಗಿಲಿಗೆ ಮಣ್ಣು ಹಾಕಿದ ಹಾಗೆ. ಅವನ ಹಿಂದೆ ಎರಡೂ ಕೊಪ್ಪಲು ಎದ್ದವು, ಹಸಿದ ಹೊಟ್ಟೆಯಲ್ಲಿ. ಸಾಲುಸಾಲು ಎಲೆಗಳ ಮುಂದೆ ಕೆಂಪಣ್ಣ ಸೌಟು ಹಿಡಿದು ನಿಂತೇ ಇದ್ದ.

ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಗುದ್ದಲಿ, ಹಾರೆ ತರಿಸಿ ನೆಟ್ಟಗೆ ಹೊಳೆಗೆ ಹೋದರು. ಮುಚ್ಚಿದ್ದ ಕಂದಕದ ಮೇಲೆ, ಕಾಯಿ ಒಡೆದಿದ್ದ ಜಾಗದಲ್ಲೇ, ಚಿಕ್ಕಬೋರಮ್ಮ ಮೊದಲ ಗುದ್ದಲಿ ಹಾಕಿದಳು. ಸಿಟ್ಟಿನ್ನೂ ಇಳಿದಿರಲಿಲ್ಲ, ಮೈದುನನ ಮೇಲೂ, ತನ್ನ ಮೇಲೂ. ಮಂಚಯ್ಯ ಪಕ್ಕದಲ್ಲಿ ಬಂದು ಅಗೆಯೋಕೆ ನಿಂತ.

"ನಾಳೆ ನಿಜ್ವಾಗ್ಲೂ ದೇವ್ರ ಕೆಲ್ಸ ಬಂದ್ರೆ ಏನವ್ವ ಮಾಡಾದು?" ಅಂತ ಕೇಳಿದ.

"ದೇವ್ರೇ ಬರ್ಲಿ ಕಣಣ್ಣ," ಅಂದಳು ಅವಳು, ಗುದ್ದಲಿ ಎತ್ತುತ್ತಾ. "ಎಷ್ಟು ಬೇಕು ಅಂತ ಹೇಳಿ, ಮಂಕರಿ ತಾನೇ ಹೊತ್ಕೊಂಡು ಹೋಗ್ಲಿ."