ಪಾಸ್‌ವರ್ಡ್ ತಪ್ಪು

ಪರದೆಯ ಮೇಲಿನ ಆ ಒಂದು ವಿಂಡೋ ಮುಚ್ಚಬಾರದು. ಮುಚ್ಚಿದರೆ ತಾನೂ ಹೊರಗೆ.

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅವನು. ಬೆಳಿಗ್ಗೆ ಸರ್ವರಿನಿಂದ ಬೇಡದ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ತೆಗೆಯುವಾಗ ಬೇಕಾದ ಒಂದು ಲೈಬ್ರರಿಯನ್ನೂ ತೆಗೆದುಬಿಟ್ಟಿದ್ದ. ಪಾಸ್‌ವರ್ಡ್ ನೋಡಿ, ಬಂದವರ ಗುರುತು ಹಿಡಿದು ಒಳಗೆ ಬಿಡುವ ತಂತ್ರಾಂಶದ ತುಣುಕು ಅದು. ಈಗ ಸರ್ವರ್ ಯಾರು ಬಂದರೂ ಒಂದೇ ಮಾತು ಹೇಳುತ್ತಿತ್ತು: ಪಾಸ್‌ವರ್ಡ್ ತಪ್ಪು. ಮೊದಲೇ ಒಳಗಿದ್ದ ಅವನೊಬ್ಬನನ್ನು ಮಾತ್ರ ಅದು ಏನೂ ಕೇಳಿರಲಿಲ್ಲ.

ಲ್ಯಾಬಿನಾಕೆ ಬಾಗಿಲಲ್ಲಿ ನಿಂತಳು.

"ಸರ್, ನನ್ನ ಪಾಸ್‌ವರ್ಡ್ ತಗೋತಾ ಇಲ್ಲ."

"ಸರಿಯಾಗಿ ಹಾಕಿದ್ರಾ?"

"ಆರು ಸಲ ಹಾಕ್ದೆ. ನಾಲ್ಕು ವರ್ಷದಿಂದ ಅದೇ." ತಡೆದಳು. "ಅದೇ ಅಂದ್ಕೊಂಡಿದೀನಿ."

ಅವಳ ತಾಯಿ ಮೊದಲು ಒಲೆಯ ಮೇಲಿನ ಹಾಲನ್ನು ಮರೆತಿದ್ದಳು, ಕೊನೆಗೆ ಮಗಳನ್ನು. ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಇವಳೇ ನಗುತ್ತ ಹೇಳಿದ್ದಳು: "ಅಮ್ಮನಿಗೆ ಶುರುವಾದಾಗ ನನ್ನಷ್ಟೇ ವಯಸ್ಸು."

ನನ್ನ ತಪ್ಪು. ಎರಡೇ ಪದ, ಅವನ ನಾಲಿಗೆಯ ತುದಿಗೆ ಬಂದಿದ್ದವು. ಅವಳ ಹಿಂದೆ ಮ್ಯಾನೇಜರ್ ನಿಂತಿದ್ದ.

"ನೀವು ಮರೆತಿರಬಹುದು," ಎಂದುಬಿಟ್ಟ ಅವನು. "ಸಂಜೆ ನೋಡೋಣ."

"ಅರವತ್ತಕ್ಕೆ ಅರಳುಮರಳು ಅಂತಾರೆ," ಮ್ಯಾನೇಜರ್ ನಕ್ಕ. "ಮೇಡಂ ಐವತ್ತಕ್ಕೇ ಶುರು ಹಚ್ಕೊಂಡ್ರು."

ಅವಳೂ ನಕ್ಕಳು, ತುಸು ತಡವಾಗಿ.

ಒಂದು ಪ್ಯಾಕೇಜ್ ಹಾಕಲು ಹೋದರೆ ಇನ್ನೊಂದು ಬೇಕೆನ್ನುತ್ತಿತ್ತು, ಅದಕ್ಕೆ ಮತ್ತೊಂದು. ಇನ್ನೊಂದು ಯಂತ್ರದಿಂದ ಲೈಬ್ರರಿಯನ್ನು ತಂದು ಹಾಕಿ, ಪ್ರತಿ ಕಡತವನ್ನೂ ತಾಳೆ ನೋಡಿ, ಎಲ್ಲವನ್ನೂ ಮತ್ತೆ ಸ್ಥಾಪಿಸುವಷ್ಟರಲ್ಲಿ ಸಂಜೆ ನಾಲ್ಕು ಗಂಟೆಯಾಗಿತ್ತು. ಕಾರಿಡಾರಿನುದ್ದಕ್ಕೂ ಕೀಬೋರ್ಡುಗಳು ಕಟಕಟ ಶುರುಮಾಡಿದವು. ಯಾರೂ ಅವನನ್ನು ಏನೂ ಕೇಳಲಿಲ್ಲ.

ಲ್ಯಾಬಿನಲ್ಲಿ ಅವಳ ಕುರ್ಚಿ ಖಾಲಿ.

"ಅಕ್ಕ ರಜೆ ಹಾಕಿ ಹೋದ್ರು," ಎಂದಳು ಪಕ್ಕದವಳು. "ಡಾಕ್ಟರಿಗೆ ತೋರಿಸ್ಕೋಬೇಕು ಅಂದ್ರು. ಯಾಕೋ ಮಂಕಾಗಿದ್ರು."

ಮೇಜಿನ ಮೇಲೊಂದು ಚೀಟಿ. ಒಂದೇ ಪದವನ್ನು ಎಂಟು ಸಲ ಬರೆದಿದ್ದಳು. ಕೊನೆಯದರ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಅವನು ಅದನ್ನೇ ಅವಳ ಯಂತ್ರದಲ್ಲಿ ಹಾಕಿ ನೋಡಿದ. ತೆರೆಯಿತು.

ಚೀಟಿಯನ್ನು ಜೇಬಿಗಿಟ್ಟು, ಕೋಣೆಗೆ ಮರಳಿ ಅವಳ ನಂಬರು ಹುಡುಕಿದ. ಏನೆಂದು ಶುರುಮಾಡುವುದು? ಫೋನ್ ಕೆಳಗಿಟ್ಟ.

ಇನ್ನು ಹಳೆಯ ವಿಂಡೋ ಮುಚ್ಚಬಹುದು. ಅದಕ್ಕೆ ಮೊದಲು, ಪದ್ಧತಿಯಂತೆ, ಹೊಸದೊಂದನ್ನು ತೆರೆದು ತನ್ನ ಪಾಸ್‌ವರ್ಡ್ ಹೊಡೆದ. ಹೊಡೆದದ್ದು ಪರದೆಯ ಮೇಲೆ ಕಾಣುವುದಿಲ್ಲ.

ತಪ್ಪು.

ನಿಧಾನವಾಗಿ, ಒಂದೊಂದೇ ಕೀಲಿ ಒತ್ತಿದ. ತಪ್ಪು. ಹೊರಗೆ ಎಲ್ಲರಿಗೂ ತೆರೆಯುತ್ತಿತ್ತು. ಆರನೆಯ ಸಲವೂ ತಪ್ಪೇ.

ಅವಳ ಚೀಟಿಯನ್ನು ಮಗುಚಿ, ತನ್ನ ಪಾಸ್‌ವರ್ಡ್ ಬರೆದು ನೋಡಲು ಪೆನ್ನು ಹಿಡಿದ. ಮೊದಲ ಅಕ್ಷರ ಯಾವುದು? ಕೈ ಅಲ್ಲೇ ನಿಂತಿತು. ಹಳೆಯ ವಿಂಡೋದಲ್ಲಿ ಕರ್ಸರ್ ಮಿನುಗುತ್ತಲೇ ಇತ್ತು, ಒಳಗೆ ಯಾರೋ ಇದ್ದಾರೆಂಬಂತೆ.