ಕಜೆಟನ್ ಪೊರ್ಬುಗಳ ಮೂಗು

ಕಜೆಟನ್ ಪೊರ್ಬುಗಳು ಮನುಷ್ಯರನ್ನು ಮೊದಲು ಮೂಸಿ, ಆಮೇಲೆ ಮಾತನಾಡಿಸುತ್ತಿದ್ದರು. ಬೈಕಂಪಾಡಿಯ ಫೈಬರ್ ಕಾರ್ಖಾನೆಯಲ್ಲಿ ಅವರ ಸ್ಪ್ರೇ ಕೋಣೆಯ ಬಾಗಿಲಿಗೆ ಯಾರೇ ಬರಲಿ, ಹೊಸ ಕೆಲಸಗಾರನಿರಲಿ, ಗಿರಾಕಿಯಿರಲಿ, ಸಂಬಳ ಕೊಡುವ ಧಣಿ ಲ್ಯಾನ್ಸಿಯೇ ಇರಲಿ, ತಲೆ ಬಗ್ಗಿಸಿ ನಿಲ್ಲಬೇಕು. ಪೊರ್ಬುಗಳು ತುದಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ನೆತ್ತಿಯ ಮೇಲೆ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, ತೆಂಗಿನೆಣ್ಣೆಯ ಸುಳಿವು ಸಿಕ್ಕಿತೋ, "ಹೊರಗೆ" ಎಂಬ ಒಂದೇ ಮಾತಿನಲ್ಲಿ ಅಟ್ಟಿಬಿಡುತ್ತಿದ್ದರು. ತಲೆಗೆ ಎಣ್ಣೆ ಹಾಕದ ಆಳನ್ನು ಮಂಗಳೂರಿನಲ್ಲಿ ಎಲ್ಲಿಂದ ತರುವುದು ಮಾರಾಯ ಎಂದು ಲ್ಯಾನ್ಸಿ ಕಂಡವರೆದುರೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದ.

ಕಂಕನಾಡಿಯ ಆಚೆಗೆ, ವೆಲೆನ್ಸಿಯಾದಲ್ಲಿ ಅವರದೂ ನಮ್ಮದೂ ಒಂದೇ ಓಣಿ. ಕುಳ್ಳ ದೇಹ, ಬಲಭುಜ ಸದಾ ತುಸು ಮೇಲೆ, ನಡಿಗೆಯೋ ಒಂದು ಮಗ್ಗುಲಿಗೆ ಸರಿಯುತ್ತ ಸಾಗುವಂಥದು. ಮಾತನಾಡುವಾಗ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಅಡ್ಡಡ್ಡ ಗೆರೆ ಎಳೆಯುತ್ತಿತ್ತು. ಎಣ್ಣೆ ಕಾಣದ ಕೂದಲು ನಾರಿನ ಬಣ್ಣಕ್ಕೆ ತಿರುಗಿತ್ತು. ಕೊರಳಿನವರೆಗೂ ಗುಂಡಿ ಹಾಕಿ, ತೋಳಿನ ತುದಿಗೆ ದಾರ ಕಟ್ಟಿಕೊಳ್ಳುವ ಬೂದು ಬಣ್ಣದ ಒಂದು ಕೆಲಸದ ಕೋಟು. ಅದನ್ನು ಹಗ್ಗದ ಮೇಲೆ ಬೇರೆ ಬಟ್ಟೆಗಳ ಪಕ್ಕ ಒಣಹಾಕುವುದಕ್ಕೂ ಅವರ ಮನೆಯಲ್ಲಿ ಅಪ್ಪಣೆಯಿರಲಿಲ್ಲ.

ಅವರ ಕೆಲಸವೂ ಅಂಥದೇ ಎನ್ನಿ. ಫೈಬರಿನ ವಸ್ತುವನ್ನು ಹೊರಗಿನಿಂದ ಒಳಕ್ಕೆ ಕಟ್ಟುತ್ತಾರೆ: ಕನ್ನಡಿಯಂತೆ ಉಜ್ಜಿದ ಅಚ್ಚಿನೊಳಗೆ ಮೊದಲು ಸ್ಪ್ರೇ ಗನ್ನಿನಿಂದ ತೆಳ್ಳಗೆ ಒಂದು ಲೇಪ ಬೀಳಬೇಕು, ಅದು ಇನ್ನೂ ಬೆರಳಿಗೆ ಅಂಟಂಟಾಗಿರುವಾಗಲೇ ಅದರ ಬೆನ್ನಿಗೆ ನಾರಿನ ಬಟ್ಟೆ, ರಾಳ ಕೂರಬೇಕು, ಎಲ್ಲ ಗಟ್ಟಿಯಾಗಿ ಅಚ್ಚಿನಿಂದ ಎಬ್ಬಿಸಿದಾಗ ಮೊಟ್ಟಮೊದಲು ಬಿದ್ದದ್ದೇ ಲೋಕಕ್ಕೆ ಕಾಣುವ ಮುಖ. ಲೇಪಕ್ಕೆ ಬಣ್ಣವಿದ್ದರೆ ನೂರು ಪಾಪ ಮುಚ್ಚಿಹೋಗುತ್ತದೆ. ಪೊರ್ಬುಗಳು ಹೊಡೆಯುತ್ತಿದ್ದದ್ದು ಬಣ್ಣವಿಲ್ಲದ, ನೀರಿನಂತೆ ತಿಳಿಯಾದ 'ಕ್ಲಿಯರ್'. ಒಳಗಿನ ಕಪ್ಪು ಕಾರ್ಬನ್ ಬಟ್ಟೆಯ ಹೆಣಿಗೆ ಎಳೆಎಳೆಯಾಗಿ ಕಾಣಬೇಕೆಂದು ಶೋಕಿಯ ಗಿರಾಕಿಗಳು ಕೇಳಿ ಮಾಡಿಸುವಂಥದು ಅದು. ಅಚ್ಚಿಗೆ ಎಣ್ಣೆಯ ಬೆರಳು ಸೋಕಿದರೂ ಆ ಜಾಗದಲ್ಲಿ ಲೇಪ ನಿಲ್ಲದೆ ಸರಿದು, ಮೀನಿನ ಕಣ್ಣಿನಂಥ ಗುಳಿಗಳೇಳುತ್ತವೆ. ಆ ತುಂಡು ಗುಜರಿಗೇ.

ಈ ಪಾಠವನ್ನು ಅವರು ಕಲಿತದ್ದು ಪ್ರಾಯದಲ್ಲಿ, ಶಾರ್ಜಾದ ದೋಣಿ ಕಾರ್ಖಾನೆಯೊಂದರಲ್ಲಿ. ಊರಿನಿಂದ ಬಂದವರ ಕೈಯಲ್ಲಿ ತಾಯಿ ಬಾಟಲಿ ತುಂಬ ಮನೆಯ ಎಣ್ಣೆ ಕಳಿಸಿದ್ದರು. ಹುಡುಗ ಆಸೆಯಿಂದ ತಲೆಗೆ ಸುರಿದುಕೊಂಡು ಕೆಲಸಕ್ಕೆ ಹೋದ. ಅಂದು ಹೊಡೆದ ಲೇಪದ ತುಂಬ ಗುಳಿಗಳು. ಮೇಸ್ತ್ರಿ ಎಲ್ಲರನ್ನೂ ಬಿಸಿಲಲ್ಲಿ ಸಾಲು ನಿಲ್ಲಿಸಿ, ಒಬ್ಬೊಬ್ಬರ ತಲೆಯನ್ನೂ ಮೂಸುತ್ತ ಬಂದು, ಕಜೆಟನ್ನನ ಮುಂದೆ ನಿಂತು, ಅವನ ಕೂದಲು ಹಿಡಿದು ಸಾಲಿನಿಂದ ಹೊರಗೆಳೆದ. ನಕ್ಕವರಲ್ಲಿ ನಮ್ಮೂರಿನವರೂ ಇದ್ದರು. ಆ ಮೇಸ್ತ್ರಿಯನ್ನು ಪೊರ್ಬುಗಳು ಜೀವಮಾನವಿಡೀ ಶಪಿಸಿದರು. ಶಪಿಸುತ್ತ ಶಪಿಸುತ್ತ ಅವನೇ ಆದರು.

ಮದುವೆಯಾದ ಹೊಸದರಲ್ಲೇ ಹೆಂಡತಿ ಡಾಲಿಬಾಯಿಯ ಎಣ್ಣೆ ಬಾಟಲಿ ಅಂಗಳಕ್ಕೆ ಬಿತ್ತು. ಮೊಣಕಾಲು ಮುಟ್ಟುವ ಕೂದಲಿನ ಹೆಂಗಸು, ಪಾಪ, ಶಾಂಪೂ ಹಾಕಿ ಹಾಕಿ ಸಿಕ್ಕು ಬಿಡಿಸುತ್ತ ಕೂತಿರುತ್ತಿದ್ದಳು. ಮಗಳು ಬ್ರೆಂಡಾ ಹುಟ್ಟಿದ ಮೇಲೆ ಪೊರ್ಬುಗಳು ಕೆಲಸಕ್ಕೆ ಹೊರಡುವ ಮುಂಚೆ ಅವಳ ನೆತ್ತಿ ಮೂಸುತ್ತಿದ್ದರು, ಮತ್ತು ಆ ಮಗು ಅದನ್ನು ಮುದ್ದೆಂದು ತಿಳಿದು, ಬೆಳಗಾದರೆ ತಾನಾಗಿ ಬಾಗಿಲ ಬಳಿ ತಲೆ ಬಗ್ಗಿಸಿ ಕಾಯುತ್ತಿತ್ತು. ಒಂದು ದಿನ ನೆರೆಮನೆಯ ಅಕ್ಕು, ಮಗುವಿನ ತಲೆ ಒಣಗಿದೆಯೆಂದು ಮರುಗಿ, ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸಿದಳು. ಪೊರ್ಬುಗಳು ಮೂಸಿದವರೇ ಮಗುವನ್ನು ಎರಡೂ ಕೈಯಲ್ಲಿ ದೂರ ತಳ್ಳಿ ಕೋಟು ಕೊಡವಿಕೊಂಡರು. ಅದು ಮುದ್ದಲ್ಲ, ತಪಾಸಣೆ ಎಂದು ಬ್ರೆಂಡಾಳಿಗೆ ತಿಳಿದದ್ದು ಅಂದು. ಮರುದಿನದಿಂದ ಅವಳು ಬಾಗಿಲಿಗೆ ಬರಲಿಲ್ಲ.

ವಿಧಿಯ ಕುಚೋದ್ಯ ನೋಡಿ. ಮಾಸ್ಕ್ ಹಾಕಿಕೊಂಡರೆ ಎಣ್ಣೆಯ ವಾಸನೆ ಸಿಗುವುದಿಲ್ಲವೆಂದು ಈ ಮಹಾರಾಯರು ಮೂಗನ್ನು ಬರಿದಾಗಿಯೇ ಇಟ್ಟುಕೊಂಡು ಸ್ಪ್ರೇ ಹೊಡೆದರು. ಹೊಡೆದ ಮದ್ದಿನ ಹಬೆ ಆ ಮೂಗನ್ನೇ ತಿಂದುಹಾಕಿತು. ಒಂದು ಮಧ್ಯಾಹ್ನ ಒಲೆಯ ಮೇಲೆ ಒಣಮೀನು ಕರಟಿ, ಓಣಿಯವರೆಲ್ಲ ಮೂಗು ಹಿಡಿದು ಬಂದರೂ ಪೊರ್ಬುಗಳು ಪಕ್ಕದ ಕೋಣೆಯಲ್ಲಿ ನೆಮ್ಮದಿಯಾಗಿ ಪೇಪರ್ ಓದುತ್ತಿದ್ದರು. ಅಂದು ಅವರಿಗೆ ಗೊತ್ತಾಯಿತು. ಅವರು ಯಾರಿಗೂ ಹೇಳಲಿಲ್ಲ. ಮೂಗಿಲ್ಲದಿದ್ದರೆ ಆ ಬಾಗಿಲಲ್ಲಿ ಅವರಾದರೂ ಯಾರು? ಮೂಸುವುದನ್ನು ಮುಂದುವರಿಸಿದರು. ಆದರೆ ಕಣ್ಣು ಮುಚ್ಚುವುದನ್ನು ಬಿಟ್ಟರು. ತಲೆ ಎತ್ತಿದವನ ಮುಖವನ್ನೇ ದಿಟ್ಟಿಸಿ, ಯಾರ ದೃಷ್ಟಿ ಕದಲಿತೋ ಅವನನ್ನು ಹೊರಗಟ್ಟುತ್ತಿದ್ದರು.

ಬ್ರೆಂಡಾಳ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ಹುಡುಗಿಯ ತಲೆಗೆ ಎಣ್ಣೆ, ತೆಂಗಿನ ಹಾಲು ಹಚ್ಚಿ ಹರಸುವ ರೋಸ್ ಶಾಸ್ತ್ರದ ಮರುದಿನವೇ ಕಾರ್ಖಾನೆಯಲ್ಲಿ ಅವರ ಜೀವಮಾನದ ದೊಡ್ಡ ಕ್ಲಿಯರ್ ಕೆಲಸವಿತ್ತು: ಶ್ರೀಮಂತನೊಬ್ಬನ ವಿಹಾರದ ದೋಣಿಗೆ ಕಾರ್ಬನ್ನಿನ ಮೇಲ್ಛಾವಣಿ. ಬೇಕಾದರೆ ಕೆಲಸವನ್ನು ಒಂದು ದಿನ ಮುಂದೆ ಹಾಕುವ, ಅಲ್ಲದಿದ್ದರೂ ಕೈ ತೊಳೆಯಲಿಕ್ಕೆ ಸೋಪು ಇಲ್ಲವಾ ಎಂದು ಲ್ಯಾನ್ಸಿಯೇ ಹೇಳಿದ. ಸೋಪು ಉಂಟು, ಆದರೆ ತೊಳೆದ ಕೈಯಲ್ಲಿ ಎಣ್ಣೆ ಉಳಿದಿದೆಯೋ ಇಲ್ಲವೋ ಎಂದು ಮೂಸಿ ನೋಡಲು ಮೂಗು ಇರಲಿಲ್ಲ. ಅದನ್ನು ಧಣಿಯ ಬಳಿ ಹೇಳಿಕೊಳ್ಳುವುದು ಹೇಗೆ?

ರೋಸ್ ಸಂಜೆ ಚಪ್ಪರದಡಿ ಹೆಂಗಸರು ಮದುವೆಯ ಹಾಡು ವೊವಿಯೊ ಹಾಡುತ್ತಿದ್ದರು. ಮಣೆಯ ಮೇಲೆ ಕೂತ ಬ್ರೆಂಡಾ, ಬಾಲ್ಯದಲ್ಲಿ ಬಾಗಿಲ ಬಳಿ ಕಾಯುತ್ತಿದ್ದಂತೆಯೇ ತಲೆ ಬಗ್ಗಿಸಿದ್ದಳು. ಅಪ್ಪನ ಸರದಿ ಬಂತು. ಪೊರ್ಬುಗಳು ಮುಂದೆ ಬಂದು, ಜೇಬಿನಿಂದ ಆಸ್ಪತ್ರೆಯವರು ಹಾಕುವಂಥ ರಬ್ಬರ್ ಗ್ಲೌಸ್ ತೆಗೆದು ಎರಡೂ ಕೈಗೆ ಏರಿಸಿಕೊಂಡರು. ಹಾಡು ನಿಂತಿತು.

"ಪಪ್ಪಾ, ಇವತ್ತೊಂದು ದಿನ ಅದನ್ನು ತೆಗೆಯಿರಿ" ಎಂದಳು ಬ್ರೆಂಡಾ, ತಲೆ ಎತ್ತದೆ.

"ನಾಳೆ ಕ್ಲಿಯರ್ ಉಂಟು ಮಗಾ."

ಆಗ ಡಾಲಿಬಾಯಿ, ಗಂಡನೆದುರು ದನಿ ಎತ್ತಿದ್ದನ್ನು ನಾವ್ಯಾರೂ ಕೇಳಿರದ ಡಾಲಿಬಾಯಿ, ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಹೇಳಿದಳು: "ಎಂತ ಕ್ಲಿಯರ್? ನಾನು ತಲೆಗೆ ಎಣ್ಣೆ ಹಾಕ್ಲಿಕ್ಕೆ ಸುರು ಮಾಡಿ ವರ್ಷ ಎಷ್ಟಾಯ್ತು, ಗೊತ್ತುಂಟಾ? ಅದೇ ಕೈಯಲ್ಲಿ ನಿಮ್ಮ ಕೋಟು ಮಡಚಿ ಇಡ್ತೇನೆ. ಎಂತ ಆಯ್ತು ನಿಮ್ಮ ಕೆಲಸಕ್ಕೆ? ನಿಮ್ಮ ಮೂಗು ಸತ್ತಿದೆ. ನನಗೆ ಆ ಮೀನು ಕರಟಿದ ದಿನವೇ ಗೊತ್ತಾಗಿದೆ."

ಚಪ್ಪರದಲ್ಲಿ ಲ್ಯಾನ್ಸಿ ಇದ್ದ, ಕಾರ್ಖಾನೆಯವರೆಲ್ಲ ಇದ್ದರು. ಒಂದು ಕ್ಷಣ ಗ್ಲೌಸ್ ತೆಗೆದೇಬಿಡುತ್ತಾರೆಂದು ನನಗನ್ನಿಸಿತು. ಬಲಗೈ ಎಡಗೈಯ ಮಣಿಕಟ್ಟಿನವರೆಗೂ ಹೋಯಿತು. ಆದರೆ ಸಾಲಿನಿಂದ ಹೊರಗೆಳೆಸಿಕೊಂಡ ಮನುಷ್ಯ ಇನ್ನೊಮ್ಮೆ ಎಲ್ಲರೆದುರು ಸೋಲುವುದುಂಟೇ? ರಬ್ಬರ್ ಬೆರಳನ್ನೇ ಎಣ್ಣೆಯಲ್ಲದ್ದಿ ಮಗಳ ಹಣೆಗೆ ಶಿಲುಬೆ ಎಳೆದು, ನೆತ್ತಿಗೆ ಎರಡು ಹನಿ ಹಾಕಿ, ಗ್ಲೌಸ್ ಕಳಚಿ ಮೂಲೆಗೆಸೆದು ಒಳಗೆ ಹೋದರು. ಬ್ರೆಂಡಾ ಅಳಲಿಲ್ಲ. ಸೆರಗಿನ ತುದಿಯಿಂದ ಹಣೆಯನ್ನು ಒರೆಸಿಕೊಂಡಳು.

ಮರುದಿನದ ಮೇಲ್ಛಾವಣಿ ಒಂದು ಗುಳಿಯೂ ಇಲ್ಲದೆ ಎದ್ದು ಬಂತು. ಡಾಲಿಬಾಯಿ ಮಡಚಿ ಇಟ್ಟ ಕೋಟನ್ನೇ ಹಾಕಿಕೊಂಡು ಹೊಡೆದದ್ದು. ಬೇಸಗೆ ಮುಗಿಯುವುದರೊಳಗೆ ಸುಲ್ತಾನ್ ಬತ್ತೇರಿಯಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ನಾನು ಆ ದೋಣಿಯನ್ನು ಕಂಡೆ. ಕಪ್ಪು ಛಾವಣಿ ಬಿಸಿಲಿಗೆ ಕಾದು ಸುಡುತ್ತದೆಂದು ಯಜಮಾನ ಅದರ ಮೇಲೆ ದಪ್ಪಗೆ ಬಿಳಿ ಬಣ್ಣ ಬಳಿಸಿದ್ದ. ಪೊರ್ಬುಗಳಿಗೆ ನಾನು ಹೇಳಲಿಲ್ಲ. ಬೇರೆ ಯಾರೋ ಹೇಳಿದರಂತೆ.

ಬ್ರೆಂಡಾ ಇರುವುದು ಅತ್ತಾವರದಲ್ಲಿ, ರಿಕ್ಷಾ ಹತ್ತಿದರೆ ಎಷ್ಟು ಹೊತ್ತಿನ ದಾರಿ! ಆದರೂ ಅವಳು ತವರಿಗೆ ಬರುವುದು ಅಪ್ಪ ಕೆಲಸಕ್ಕೆ ಹೋದ ಮೇಲೆ. ಮಗು ಹುಟ್ಟಿದ ಸುದ್ದಿ ಕೇಳಿ ಪೊರ್ಬುಗಳು ಕೋಟು ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಜೊತೆಗೆ ನನ್ನನ್ನೂ ಕರೆದುಕೊಂಡು ಹೊರಟರು. ಆಗಷ್ಟೇ ಎಣ್ಣೆ ತಿಕ್ಕಿದ ಮಗು ತಾಯಿಯ ತೊಡೆಯ ಮೇಲೆ ಮಿರಮಿರ ಮಿಂಚುತ್ತಿತ್ತು. ಪೊರ್ಬುಗಳು ಬರಿಗೈ ಚಾಚಿ, ಬಗ್ಗಿ, ಆ ಪುಟ್ಟ ನೆತ್ತಿಗೆ ಮೂಗು ತಂದರು. ಬ್ರೆಂಡಾ ಮಗುವನ್ನು ಎದೆಗೆಳೆದುಕೊಂಡು ಹಿಂದೆ ಸರಿದಳು.

"ಎಣ್ಣೆ ಹಾಕಿದ್ದೇನೆ ಪಪ್ಪಾ. ನಿಮ್ಮ ಕೈಗೆ ತಾಗ್ತದೆ."

ಎಂದೋ ತಿಂದ ಒಂದು ಅವಮಾನಕ್ಕೆ ವ್ರತವೆಂದು ಹೆಸರಿಟ್ಟು, ಅದನ್ನು ಮನೆಮಂದಿಯಿಂದೆಲ್ಲ ಮಾಡಿಸಿಬಿಡುವ ಜನ ಇವರು. ನಾವೋ, ಶಿಸ್ತಿನ ಮನುಷ್ಯ ಎಂದು ಹೊಗಳಿ ಅವರನ್ನು ಇನ್ನಷ್ಟು ಕೆಡಿಸುತ್ತೇವೆ. ಇಂಥವರ ಕೆಲಸದಲ್ಲಿ ಒಂದು ಗುಳಿ, ಒಂದು ಕಲೆ ಹುಡುಕಿದರೂ ಸಿಗುವುದಿಲ್ಲ, ಅದು ನಿಜ. ಆದರೆ ಯಾರನ್ನಾದರೂ ಮುಟ್ಟಬೇಕೆಂದು ಅವರಿಗೆ ಕೊನೆಗೊಮ್ಮೆ ಅನ್ನಿಸುವ ಹೊತ್ತಿಗೆ, ಆ ಶುದ್ಧವಾದ ಕೈಗೆ ತಲೆ ಬಗ್ಗಿಸಿ ಕೊಡುವವರು ಯಾರೂ ಉಳಿದಿರುವುದಿಲ್ಲ.